ಮೃಣಾಲ ಬರೆದ ಮೊದಲ ಸಂಜೆ

ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಇನ್ನೊಂದನ್ನು ಬಡಿಯುತ್ತಿದ್ದ ಮೃಣಾಲಳ ಕೈ ಒಮ್ಮೆಲೇ ನಿಂತಿತು.

ನಡುಮನೆಯ ಗೋಡೆಗೆ ಅಂಟಿಸಿದ್ದ ಅವಳ ಚಿತ್ರಗಳ ಮುಂದೆ ಯಾರೋ ಒಬ್ಬ ನಿಂತಿದ್ದ. ಕಣ್ಣು ಕೀಳದೆ ನೋಡುತ್ತಿದ್ದ.

“ಸಮ್ಮೇದ ಅಂತ. ಇಚಲಕರಂಜಿಯಾಗ ನನ್ನ ಜೋಡಿ ಮಗ್ಗ ರಿಪೇರಿ ಮಾಡ್ತಾನ,” ಎಂದ ಅಣ್ಣ ಪ್ರತೀಕ. “ಇವತ್ತ ಇಲ್ಲೇ ಊಟ. ಹೊತ್ತ ಮುಳಗೂದರಾಗ ಆಗ್ತೈತಲ್ಲ?”

“ಯಾವತ್ತ ಆಗಿಲ್ಲ ದಾದಾ?”

ಗಡಹಿಂಗ್ಲಜದ ಆ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಬಿಸಿಲು ಇಳಿಯತೊಡಗಿತೆಂದರೆ ಮೃಣಾಲ ಒಲೆಯ ಮುಂದೆ.

ಅವಳ ಚಿತ್ರಗಳೆಲ್ಲ ಮನೆಯ ಸುತ್ತಲಿನವೇ. ಒಣಹಾಕಿದ ಮೆಣಸಿನಕಾಯಿ, ನಳದ ಕೆಳಗಿನ ಕೊಡ, ಅವ್ವನ ಕನ್ನಡಕ. ಕಲಿಸಿದವರು ಯಾರೂ ಇಲ್ಲ. ಮೊದಮೊದಲು ತಿದ್ದಿ ತಿದ್ದಿ ಮೆಣಸಿನಕಾಯಿಯ ಕೆಂಪೆಲ್ಲ ಕೆಸರಾಗುತ್ತಿತ್ತು. ಹಸಿ ಬಣ್ಣವನ್ನು ಮುಟ್ಟದೆ ಕಾಯುವುದನ್ನು ಕಲಿಯಲು ಅವಳಿಗೆ ವರ್ಷವೇ ಹಿಡಿಯಿತು. ಈಗ ಕೊಡದ ಮೇಲಿನ ಹೊಳಪು ಬಣ್ಣವಲ್ಲ, ಅವಳು ಮುಟ್ಟದೆ ಬಿಟ್ಟ ಬರಿಯ ಕಾಗದ. ನೋಡಿದವರಿಗೆ ಕೊಡ ಈಗಷ್ಟೇ ತುಂಬಿದಂತೆ ಕಾಣುತ್ತಿತ್ತು.

“ಮುಟ್ಟಿದ್ರ ಕೈ ಒದ್ದಿ ಆಗ್ತೈತೇನೋ...” ಎಂದ ಸಮ್ಮೇದ, ಊಟಕ್ಕೆ ಕೂತಾಗ.

ಮೃಣಾಲಳ ಎದೆ ಹಗುರಾಯಿತು.

“ಆದ್ರ ಎಲ್ಲಾದರಾಗೂ ಮಧ್ಯಾಹ್ನನ ಐತಿ. ಸಂಜಿ ಒಂದೂ ಇಲ್ಲಲ್ರಿ.”

“ಸಂಜಿಮುಂದ ಆಕಿ ಚಿತ್ರ ಬರಕೋಂತ ಕುಂತಿದ್ರ, ನಿನ್ನ ತಾಟಿನಾಗ ಈ ರೊಟ್ಟಿ ಎಲ್ಲಿಂದ ಬರ್ತಿದ್ದುವು?” ಎಂದಳು ಅವ್ವ ಮಂಗಲ. ಎಲ್ಲರೂ ನಕ್ಕರು.

ಮೃಣಾಲ ನಗಲಿಲ್ಲ. ‘ನನ್ನಿಂದ ಆಗದ್ದನ್ನೇ ಹುಡುಕಿ ತೋರಿಸಿದನಲ್ಲ...’

ತಿಂಗಳೊಳಗೆ ಅವನ ಪತ್ರ ಬಂತು. ‘ನಿಮ್ಮನ್ನು ಮದುವೆಯಾಗುವ ಆಸೆ ಇದೆ. ಪ್ರತೀಕನಿಗೂ ಹೇಳಿದ್ದೇನೆ. ಉತ್ತರ ಫೋನಿನಲ್ಲಿ ಬೇಡ. ಅವಸರವಿಲ್ಲ, ಯೋಚಿಸಿ ಬರೆಯಿರಿ.’

ಅವಳು ಅಂದೇ ಬರೆದಳು. ಲಕೋಟೆಗೆ ಅಂಟು ಹಚ್ಚಿ ವಿಳಾಸವನ್ನೂ ಬರೆದಳು. ಅಂಚೆಗೆ ಹಾಕಲು ಮಾತ್ರ ಕೈ ಬರಲಿಲ್ಲ.

‘ಚಿತ್ರದಲ್ಲಿ ಸಂಜೆ ಇಲ್ಲ ಅಂದವನು, ನಾಳೆ ಚಿತ್ರವೇ ಬೇಡ ಅಂದರೆ?’

ಅವಳು ಎಲ್ಲಿಗೆ ಹೋದರೂ ಒಯ್ಯುವ ಬಣ್ಣದ ಚೀಲದಲ್ಲೇ ಲಕೋಟೆ ಉಳಿಯಿತು. ದೀಪಾವಳಿ ಹೋಯಿತು. ಸಂಕ್ರಾಂತಿಯೂ ಹೋಯಿತು.

ಆಮೇಲೆ ಒಂದು ದಿನ ಬಟ್ಟೆ ಕೊಳ್ಳಲೆಂದು ಅವ್ವನ ಜೊತೆ ಇಚಲಕರಂಜಿಗೆ ಹೋದಾಗ, ಪ್ರತೀಕ ಇಬ್ಬರನ್ನೂ ಸಮ್ಮೇದನ ಮನೆಗೆ ಕರೆದೊಯ್ದ.

ಅಡುಗೆಮನೆಯಲ್ಲಿ ಸಮ್ಮೇದನೇ ರೊಟ್ಟಿ ಬಡಿಯುತ್ತಿದ್ದ. ಮೂಗಿನ ಮೇಲೂ ಹಿಟ್ಟು.

“ಅಯ್ಯ, ಏಳ್ರಿ. ನಾ ಬಡೀತೀನಿ.”

“ಏಳಂಗಿಲ್ರಿ. ನೀವು ಮಾಳಗಿ ಮ್ಯಾಲ ಹೋಗ್ರಿ. ಬಿಸಲ ಇಳಿಯಾಕತ್ತೈತಿ.”

“ನಾ ಯಾಕ?”

ಅವನು ಹಿಟ್ಟನ್ನೇ ನೋಡುತ್ತ ಹೇಳಿದ. “ಆವತ್ತ ನಾ ಅಂದದ್ದು... ನಿಮಗ ಸಂಜಿ ಬರೂದಿಲ್ಲ ಅಂತ ಅಲ್ರಿ. ಇಷ್ಟ ಚಂದ ನೋಡೂ ಕಣ್ಣು, ದಿನಾ ಆ ಹೊತ್ತಿನಾಗ ಒಲಿ ಮುಂದ ಇರ್ತಾವಲ್ಲ ಅಂತ ಸಂಕಟ ಆತು. ನೆಟ್ಟಗ ಹೇಳಾಕ ಬರ್ಲಿಲ್ಲ.”

ಮೃಣಾಲ ಅವನ ಕೈಯಲ್ಲಿನ ರೊಟ್ಟಿಯನ್ನೇ ನೋಡಿದಳು.

“ನಿಮ್ಮ ಮನಿಗಿ ಬಂದ ಹೋದಾಗಿಂದ ಕಲಿಯಾಕತ್ತಾನ ತಂಗಿ,” ಎಂದ ಅವನ ಅಪ್ಪ ಶಾಂತಿನಾಥ. “ಇವರವ್ವ ಹೋದ ಮ್ಯಾಲ ನಾನ ಬಡೀತಿದ್ದೆ. ಇವನ ಮೊದಲಿನ ರೊಟ್ಟಿ ಹೆಂಗಿದ್ದುವು ಅಂತ ನನ್ನ ಹಲ್ಲ ಕೇಳು.”

ಅವಳು ಬಣ್ಣದ ಚೀಲ ಹಿಡಿದು ಮಾಳಿಗೆ ಏರಿದಳು.

ಎದುರಿಗೆ ಮಗ್ಗದ ಶೆಡ್ಡು. ಗೋಡೆಗೆ ಒರಗಿಸಿದ ಸೈಕಲ್ಲುಗಳು. ಅವಳಿಗೆ ಗೊತ್ತಿದ್ದ ನೆರಳು ವಸ್ತುವಿನ ಕಾಲಡಿಗೇ ಮುದುಡಿ ಕೂತಿರುತ್ತಿತ್ತು. ಇಲ್ಲಿ ಸೈಕಲ್ಲಿಗಿಂತ ಅದರ ನೆರಳೇ ಉದ್ದ... ನೀಲಿಯಾಗಿ ರಸ್ತೆ ದಾಟಿ ಹೋಗಿತ್ತು.

ಮೊದಲ ಹಾಳೆ ಅವಸರದಲ್ಲಿ ಕೆಟ್ಟಿತು. ಎರಡನೆಯದರ ಮೇಲೆ ತೆಳುವಾಗಿ ಹೊಂಬಣ್ಣ ಹರಿಸಿ, ಕೈ ಕಟ್ಟಿ ಕೂತಳು.

ಸಮ್ಮೇದ ತಾಟು ತಂದಿಟ್ಟ. “ಅದು ಆರೂತನಾ ಉಣ್ರಿ. ಹೊತ್ತ ಮುಳಗತೈತಿ.”

ರೊಟ್ಟಿ ಒಂದು ಕಡೆ ದಪ್ಪಗಿತ್ತು. ಆದರೆ ಬಿಸಿಯಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವಳಿಗೆ ಬಿಸಿ ರೊಟ್ಟಿಯ ರುಚಿ ಹೊಸದು. ಕಣ್ಣು ತುಂಬಿ ಬಂತು.

ಉಂಡು ಕೈತೊಳೆದು ನೆರಳುಗಳನ್ನು ಎಳೆದಳು. ಒಂದೇ ಎಳೆತ, ತಿದ್ದಲಿಲ್ಲ.

ಸಮ್ಮೇದ ಬಹಳ ಹೊತ್ತು ನೋಡಿದ. “ದಿನಾ ಇದರಾಗ ಹೋಗಿ ಬರ್ತೀನಿ. ನಮ್ಮ ಶೆಡ್ಡ ಇಷ್ಟ ಚಂದ ಐತೇನ್ರಿ...”

ಎಲ್ಲರನ್ನೂ ಬಸ್ಸಿಗೆ ಕಳಿಸಲು ಅವನೂ ಬಂದ. ದಾರಿಯಲ್ಲಿ ಅಂಚೆ ಡಬ್ಬಿ ಕಂಡಾಗ ಮೃಣಾಲ ಹಿಂದೆ ಉಳಿದಳು, ಚೀಲದಿಂದ ಲಕೋಟೆ ತೆಗೆದಳು. ಅದರ ಮೇಲೆ ತನ್ನ ಹೆಸರು ನೋಡಿ ಸಮ್ಮೇದ ಅಲ್ಲೇ ನಿಂತ.

“ಕೈಯಾಗ ಕೊಡ್ರಲಾ...”

“ಅವಸರಿಲ್ಲ ಅಂತ ನೀವ ಬರದಿದ್ರಿ.”

“ಏನ್ ಬರದೀರಿ? ಅಷ್ಟರೆ ಹೇಳ್ರಿ.”

ಅವಳು ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದಳು. ತುಟಿಯಂಚಿನಲ್ಲಿ ನಗೆ ಇತ್ತು.

“ಓದಿದ ಮ್ಯಾಲ ಉತ್ತರಾ ಬರೀಬ್ಯಾಡ್ರಿ. ಅಪ್ಪಾರನ್ನ ಕರಕೊಂಡು ಮನಿಗೇ ಬರ್ರಿ.”

ಬೆರಳು ಸಡಿಲಿಸಿದಳು. ಲಕೋಟೆ ಒಳಗೆ ಬಿತ್ತು.