ಎರಡನೇ ಬ್ರೇಕು

ಅವತ್ತು ಅವಳು ಬ್ರೇಕ್ ಒತ್ತಿದ ಹೊಡೆತಕ್ಕೆ ಭೂಮಿ ತಿರುಗುವುದನ್ನೇ ನಿಲ್ಲಿಸಿಬಿಟ್ಟಿತು!

ನಗಬೇಡಿ. ಸೂರ್ಯ ಇದ್ದಲ್ಲೇ ನಿಂತ. ಹಾರುತ್ತಿದ್ದ ಪಾರಿವಾಳ ಗಾಳಿಯಲ್ಲೇ ಅಂಟಿಕೊಂಡಿತು. ಸಿಗ್ನಲ್ಲಿನ ಕೆಂಪು ದೀಪ ನಾಚಿ ಇನ್ನಷ್ಟು ಕೆಂಪಾಯಿತು. ಇಷ್ಟಕ್ಕೆಲ್ಲ ಕಾರಣ ಒಂದು ಪುಟ್ಟ ಹಳದಿ ಕಾರು...

ಅದು ಡ್ರೈವಿಂಗ್ ಸ್ಕೂಲಿನ ಕಾರು. ಅಂಥ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರ ಕಾಲು ದಾರಿ ತಪ್ಪಿದಾಗ ಪ್ರಾಣ ಉಳಿಸುವುದು ಆ ಎರಡನೇ ಬ್ರೇಕೇ. ಅದರ ಒಡತಿ ನಮ್ಮ ಹುಡುಗಿ. ಕಲಿತು ಹೋದವರೆಲ್ಲ ಅವಳನ್ನು ಕರೆಯುವುದೇ "ಬ್ರೇಕ್ ಮೇಡಂ" ಎಂದು.

ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದವನಿಗೆ ಅವತ್ತು ಮೊದಲ ಪಾಠ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಿದ್ದ. ನಿಲ್ಲಿಸಿ ಎಂದರೆ ಆಕ್ಸಿಲರೇಟರ್ ಒತ್ತಿ, ಹೂಕುಂಡಗಳ ಅಂಗಡಿಯೊಳಗೇ ಕಾರು ನುಗ್ಗಿಸಲು ಹೊರಟಿದ್ದ.

"ಕಣ್ಣು ಎಲ್ಲಿತ್ತು ರೀ ನಿಮ್ದು?"

"ಕ... ಕನ್ನಡಿಲಿ, ಮೇಡಂ."

"ಕನ್ನಡಿಲಿ ಏನಿತ್ತು ಅಂಥಾದ್ದು?"

ಅವಳೇ ತಲೆ ಎತ್ತಿ ನೋಡಿದಳು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ... ಅದು ನೆಟ್ಟಗೆ ತಿರುಗಿದ್ದು ಅವಳ ಮುಖದ ಕಡೆಗೆ!

'ಅಯ್ಯೋ, ಇವನು ಇಷ್ಟು ಹೊತ್ತೂ ನನ್ನನ್ನೇ...? ಛೆ!'

"ಕನ್ನಡಿ ಸರಿಯಾಗೇ ಇದೆ ಬಿಡೆ," ಎಂದಿತು ಹಿಂದಿನ ಸೀಟಿನಿಂದ ಒಂದು ಇಂಪಾದ ದನಿ.

ಅದು ಅವಳ ಸೋದರತ್ತೆಯ ದನಿ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿ ಬೆಳೆಸಿದ ಮಹಾತಾಯಿ. ರೂಪದಲ್ಲಿ, ಬುದ್ಧಿಯಲ್ಲಿ, ಅಡುಗೆಯಲ್ಲಿ ಏಳೇಳು ಲೋಕದಲ್ಲೂ ಸಾಟಿಯಿಲ್ಲದವರು! ಕಾರು ಮುನ್ನುಗ್ಗಿದ ರಭಸಕ್ಕೆ ಅವರ ಮಡಿಲಿಗೆ ಬಂದು ಬಿದ್ದಿದ್ದ ಪೆನ್ಸಿಲನ್ನು ಅವರೇ ನಗುತ್ತ ವಾಪಸ್ ಕೊಟ್ಟರು.

"ನಮ್ಮತ್ತೆನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಅಲ್ಲಿಗೇ ಓಡಿಸಿ. ನಿಧಾನಕ್ಕೆ!" ಎಂದಳು ಹುಡುಗಿ.

"ಒಳ್ಳೇದಾಯ್ತು ಮೇಡಂ. ನನ್ನ ಕೆಲಸಾನೂ ಅಲ್ಲೇ."

ಏನು ಕೆಲಸ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಏಕೆಂದರೆ, ಅತ್ತೆಯ ಕೈ ಹಿಡಿದು ಜೀನ್ ಪರೀಕ್ಷೆಯ ಕೋಣೆಯ ಬಾಗಿಲು ತಳ್ಳಿದಾಗ, ಮೇಜಿನ ಆಚೆ ಕೂತಿದ್ದವನು ಅದೇ ಪೆನ್ಸಿಲ್!

"ನೀವಾ?"

"ನೀವಾ?"

ಮನೆತನದಲ್ಲಿ ಯಾರಿಗೆ ಯಾವ ಕಾಯಿಲೆ ಬಂದಿತ್ತು ಎಂದು ಕೇಳಿ, ವಂಶದ ಚಿತ್ರ ಬರೆದು, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ತಿಳಿಹೇಳುವುದು ಅವನ ಕೆಲಸ. ಕೋಣೆಯಲ್ಲಿ ಎರಡು ಮೆತ್ತನೆಯ ಕುರ್ಚಿ, ಅಂಡಾಶಯದ ಪ್ಲಾಸ್ಟಿಕ್ ಮಾದರಿ, ಸವೆದ ಒಂದು ರಬ್ಬರು. ಅವನು ದೊಡ್ಡ ಹಾಳೆ ಹಾಸಿ ಬರೆಯತೊಡಗಿದ. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. ತೀರಿಕೊಂಡವರಿಗೆ ಓರೆ ಗೆರೆ.

ಕಾರಿನಲ್ಲಿ ಬೆವರುತ್ತಿದ್ದವನ ಗೆರೆ ಇಲ್ಲಿ ಒಂದೂ ವಕ್ರವಾಗಲಿಲ್ಲ.

"ನಿಮ್ಮ ತಾಯಿ ಹೇಗೆ ತೀರಿಕೊಂಡ್ರು, ಅಮ್ಮ?"

"ಕುದುರೆ ಮೇಲಿಂದ ಬಿದ್ದು," ಎಂದರು ಅತ್ತೆ. "ತೊಂಬತ್ತು ದಾಟಿತ್ತು. ಅವಳು ಬಿದ್ದಿದ್ದು ಕುದುರೆಗೂ ಗೊತ್ತಾಗ್ಲಿಲ್ಲ ಪಾಪ, ಓಡ್ತಾನೇ ಇತ್ತು."

"ನಿಮ್ಮ ಹೊಟ್ಟೆ ಮೇಲಿನ ಹೊಲಿಗೆ?"

"ಚಿರತೆ."

"ಅತ್ತೆ!" ಹುಡುಗಿ ಹಲ್ಲು ಕಚ್ಚಿದಳು.

ಅವನು ನಗಲಿಲ್ಲ. ಗಂಭೀರವಾಗಿ ಹಾಳೆಯ ಮೂಲೆಯಲ್ಲಿ ಪುಟ್ಟದೊಂದು ಚಿರತೆ ಬರೆದ. ಮೀಸೆ, ಬಾಲ, ಚುಕ್ಕೆ ಎಲ್ಲ ಹಾಕಿದ. "ಚಿರತೆಗೆ ನಮ್ಮಲ್ಲಿ ಗುರುತೇ ಇರ್ಲಿಲ್ಲ ಅಮ್ಮ. ಇವತ್ತಿಂದ ಶುರು ಮಾಡೋಣ. ಇದು ನಿಮ್ಮ ಮನೆಗೆ ಇನ್ಯಾವಾಗಾದ್ರೂ ಬಂದಿತ್ತಾ?"

ಅತ್ತೆ ಜೋರಾಗಿ ನಕ್ಕರು. ನಗುತ್ತ ನಗುತ್ತ ಆ ನಗು ಎಲ್ಲೋ ಜಾರಿಹೋಯಿತು...

"ಬಂದಿತ್ತಪ್ಪಾ. ನನಗೆ ಬಂದಿದ್ದು ಅಂಡಾಶಯದ ಕ್ಯಾನ್ಸರ್, ಅದು ಇವಳಿಗೂ ಗೊತ್ತು. ನಮ್ಮಮ್ಮಂಗೂ ಅದೇ. ಕುದುರೆ ಮುಖಾನೇ ನೋಡಿರ್ಲಿಲ್ಲ ಅವಳು. ಐವತ್ತೂ ತುಂಬಿರ್ಲಿಲ್ಲ."

ಹುಡುಗಿ ಅತ್ತೆಯ ಮುಖ ನೋಡಿದಳು. ಅಜ್ಜಿಗೂ? ಅಷ್ಟು ವರ್ಷ ಆ ಕುದುರೆಯ ಕಥೆ ಕೇಳುತ್ತಲೇ ಅವಳು ನಿದ್ದೆ ಹೋಗಿದ್ದಳು!

"ಯಾಕೆ ಅತ್ತೆ ಹೇಳಲಿಲ್ಲ?"

"ನೀನು ಹೆದರ್ತೀಯಾ ಅಂತ ಕಣೆ."

ಅವಳು ಅವನ ಕಡೆ ತಿರುಗಿದಳು. "ಆದ್ರೆ ಅತ್ತೆ ಅಪ್ಪನ ಕಡೆಯವರು. ಇದು ಹೆಂಗಸರ ಕಾಯಿಲೆ. ನಮ್ಮಮ್ಮನ ಕಡೆ ಯಾರಿಗೂ ಇಲ್ಲ. ನನಗೆ ಹೇಗೆ ಬರತ್ತೆ?"

"ತುಂಬಾ ಜನ ಅಲ್ಲೇ ಎಡವೋದು, ಮೇಡಂ. ಕಾಯಿಲೆ ಹೆಂಗಸರದ್ದೇ. ಆದ್ರೆ ಅದರ ಅಪಾಯ ಹೆಚ್ಚಿಸೋ ಜೀನ್ ದೋಷನ ಗಂಡಸರೂ ಹೊತ್ಕೊಂಡು ಬಂದು ಮಗಳಿಗೆ ದಾಟಿಸಬಹುದು. ಮೊದಲು ಅತ್ತೆಯವರ ರಕ್ತದಲ್ಲಿ ಹುಡುಕೋಣ. ಸಿಕ್ಕಿದ್ರೆ ನಿಮ್ದು."

ಸಿಕ್ಕಿತು.

ಈಗ ಅವಳ ಸರದಿ. ಅಪ್ಪ ಇಲ್ಲದ್ದರಿಂದ ನೇರವಾಗಿ ಅವಳ ರಕ್ತವೇ ಪರೀಕ್ಷೆಗೆ ಹೋಯಿತು. ಫಲಿತಾಂಶಕ್ಕೆ ಕಾಯುವ ಆ ದಿನಗಳು ಯುಗಗಳಾಗಬೇಕಿತ್ತು. ಆದರೆ ಬೆಳಗಿನ ಪಾಠಕ್ಕೆ ಪೆನ್ಸಿಲ್ ಬರುತ್ತಿದ್ದನಲ್ಲ! ಅವನು ರಿವರ್ಸ್ ತೆಗೆಯುವ ಚಂದ ನೋಡಿದರೆ ಕಲ್ಲಿಗೂ ನಗು ಬರಬೇಕು. ಕಾರು ಹಿಂದೆ ಹೋದರೆ ಇವನ ಕತ್ತು ಮುಂದೆ ಹೋಗುತ್ತಿತ್ತು. ಕಂಬಗಳೇ ಎದ್ದು ಪಕ್ಕಕ್ಕೆ ಸರಿಯುತ್ತಿದ್ದವು!

"ಕಾರಲ್ಲಿ ಆಸ್ಪತ್ರೆ ಮಾತು ಬೇಡ, ಆಯ್ತಾ?" ಎಂದಿದ್ದಳು ಅವಳು.

"ಆಸ್ಪತ್ರೆಲಿ ನನ್ನ ರಿವರ್ಸ್ ಮಾತು ಬೇಡ, ಆಯ್ತಾ?" ಎಂದಿದ್ದ ಅವನು.

ಆ ಒಪ್ಪಂದಕ್ಕೆ ಇಬ್ಬರೂ ನಕ್ಕಿದ್ದರು. ಅವಳ ಕಾಲು ಆಗಾಗ ಎರಡನೇ ಬ್ರೇಕಿನ ಮೇಲಿಂದ ತಾನಾಗಿಯೇ ಜಾರುತ್ತಿತ್ತು. ಅಷ್ಟು ನಂಬಿಕೆ ಅವಳಿಗೆ ಇನ್ಯಾರ ಮೇಲೂ ಬಂದಿರಲಿಲ್ಲ.

ಹಾಗಿರುವಾಗ ಒಂದು ಬೆಳಗ್ಗೆ ಅವನು ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ, "ಸ್ವಲ್ಪ ಕೆಲಸ ಇದೆ, ಮೇಡಂ... ಪಾಠ ಇಲ್ಲಿಗೇ ನಿಲ್ಲಿಸ್ತೀನಿ," ಎಂದ. ದನಿ ಒಣಗಿತ್ತು.

ಅದಾದ ಮೇಲೆ ಬಂತು ಫಲಿತಾಂಶದ ದಿನ. ಕೋಣೆಯ ಬಾಗಿಲು ತಳ್ಳಿದರೆ... ಅವನ ಕುರ್ಚಿಯಲ್ಲಿ ಬೇರೆ ಯಾರೋ! ಬಿಳಿ ಕೂದಲಿನ ದೊಡ್ಡ ಡಾಕ್ಟರಮ್ಮ.

'ಗೊತ್ತಾಯಿತು. ರಿಪೋರ್ಟ್ ನೋಡಿದ್ದಾನೆ. ಅದಕ್ಕೇ ಓಡಿಹೋಗಿದ್ದಾನೆ.' ಅವಳು ಕುರ್ಚಿ ಎಳೆದು ಕೂತಳು.

ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. "ಆ ಜೀನ್ ದೋಷ ನಿನಗೂ ಇದೆ, ಮಗಳೇ. ಇದು ಕಾಯಿಲೆ ಅಲ್ಲ, ಕಾಯಿಲೆ ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಅಂತ ಅರ್ಥ. ಅಂಡಾಶಯದ ಕ್ಯಾನ್ಸರನ್ನ ಮುಂಚೇನೇ ಹಿಡಿಯೋ ನಂಬಿಕಸ್ತ ಪರೀಕ್ಷೆ ಇನ್ನೂ ಇಲ್ಲ. ಹಾಗಾಗಿ ಮಕ್ಕಳು ಬೇಕಿದ್ರೆ ಆದ ಮೇಲೆ, ನಲವತ್ತರ ಒಳಗೆ ಅಂಡಾಶಯ, ಅಂಡನಾಳ ತೆಗೆಸಿಕೊಳ್ಳೋದು ಕ್ಷೇಮ. ಈ ದೋಷ ಸ್ತನ ಕ್ಯಾನ್ಸರಿನ ಅಪಾಯಾನೂ ಹೆಚ್ಚಿಸತ್ತೆ, ಹಾಗಾಗಿ ಸ್ತನಗಳ ಸ್ಕ್ಯಾನ್ ಮಾತ್ರ ಈಗಿಂದಲೇ. ಸಮಯ ಇದೆ. ಕೂತು ಯೋಚಿಸೋಣ."

ಅತ್ತೆಯ ಕೈ ಅವಳ ಕೈಯನ್ನು ಬಿಗಿಯಾಗಿ ಹಿಡಿಯಿತು. ಅವಳು ಅಳಲಿಲ್ಲ. ಕೇಳಬೇಕಾದ್ದೆಲ್ಲ ಕೇಳಿದಳು. ಕೊನೆಗೆ ಕೇಳಬಾರದ್ದನ್ನೂ ಕೇಳಿದಳು.

"ಇಲ್ಲಿದ್ರಲ್ಲ... ಅವರು?"

"ಅವನಾ? ನಿನ್ನ ರಕ್ತ ಲ್ಯಾಬಿಗೆ ಹೋದ ವಾರಾನೇ ಫೈಲ್ ತಂದು ನನ್ನ ಕೈಗಿಟ್ಟ. 'ಇವರ ವಿಷಯದಲ್ಲಿ ನನ್ನ ತಲೆ ನೆಟ್ಟಗೆ ನಿಲ್ತಿಲ್ಲ ಮೇಡಂ, ನೀವೇ ನೋಡ್ಕೊಳ್ಳಿ' ಅಂದ. ಮನಸ್ಸು ಕೊಟ್ಟವರ ಫೈಲ್ ಇಟ್ಕೊಳ್ಳೋ ಹಾಗಿಲ್ಲ ನಮ್ಮಲ್ಲಿ. ನಿನ್ನ ಫಲಿತಾಂಶ ಏನು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು!

ಅವನು ಆಸ್ಪತ್ರೆಯ ಹಿಂದೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಬೀಗದ ಕೈ ಹುಡುಕುತ್ತ ನಿಂತಿದ್ದ. ಹಳದಿ ಕಾರು ಅವನ ಮೂಗಿನ ತುದಿಗೆ ಬಂದು ನಿಂತಿತು.

"ಹತ್ತಿ," ಎಂದಳು.

"ಮೇಡಂ, ಪಾಠ ನಾನು..."

"ಹತ್ತಿ ಅಂದ್ನಲ್ಲ!"

ಹತ್ತಿದ. ಹಿಂದಿನ ಸೀಟಿನಲ್ಲಿ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದರು.

"ಫೈಲ್ ಬಿಟ್ಟಿದ್ದು ಗೊತ್ತಾಯ್ತು. ಪಾಠ ಯಾಕೆ ಬಿಟ್ರಿ?"

"ಫೈಲ್ ಕೊಟ್ಟ ದಿನಾನೇ ನಿಮ್ಮ ಹತ್ರ ಮಾತಾಡೋಣ ಅಂತ ಹೊರಟಿದ್ದೆ. ಅಷ್ಟರಲ್ಲಿ ನಿಮಗೆ ಗಂಡು ಗೊತ್ತಾಗಿದೆ ಅಂತ ತಿಳೀತು. ಪೈಲಟ್ ಅಂತೆ. ಎರಡು ಸ್ವಂತ ವಿಮಾನ ಅಂತೆ. ನನಗೆ ಕಾರೇ ಹಿಂದಕ್ಕೆ ತೆಗಿಯೋಕೆ ಬರಲ್ಲ..."

"ಪೈಲಟ್ಟಾ? ಯಾರು ಹೇಳಿದ್ದು?"

ಅವನ ಕತ್ತು ನಿಧಾನವಾಗಿ ಹಿಂದಕ್ಕೆ ತಿರುಗಿತು. ಅವಳದೂ ತಿರುಗಿತು. ಅತ್ತೆ ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಆಚೆ ಇದ್ದದ್ದು ಬರೀ ಗೋಡೆ.

"ಅತ್ತೆ, ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ!" ಎಂದು ಅವಳು ಅವನ ಕಡೆ ತಿರುಗಿದಳು. ದನಿ ತಗ್ಗಿತು. "ನೀವೇನಾದ್ರೂ ಹೇಳೋ ಮುಂಚೆ ಇದನ್ನ ಕೇಳಿ. ಅದು ನನಗೂ ಇದೆ."

"ಹೂಂ."

"ಹೂಂ ಅಂದ್ರೆ?"

"ಕೇಳಿಸ್ಕೊಂಡೆ ಅಂತ. ಮುಂದೆ ಹೇಳಿ."

"ಮಕ್ಕಳ ವಿಷಯ ಬೇಗ ಯೋಚಿಸ್ಬೇಕು. ಆಮೇಲೆ ಆಪರೇಷನ್. ವರ್ಷ ವರ್ಷ ಸ್ಕ್ಯಾನ್. ನನ್ನ ಜೊತೆ ಬರೋರಿಗೆ ದಾರಿ ನೆಟ್ಟಗಿರಲ್ಲ ರೀ."

ಅವನು ಕಿವಿಯ ಪೆನ್ಸಿಲ್ ತೆಗೆದು ಜೇಬಿಗಿಟ್ಟ. "ಇದನ್ನೆಲ್ಲ ದಿನಾ ಬೇರೆಯವರಿಗೆ ಹೇಳ್ತೀನಿ. ಸುಲಭ ಅಂತ ಯಾವತ್ತೂ ಹೇಳಿಲ್ಲ, ನಿಮಗೂ ಹೇಳಲ್ಲ. ಆದ್ರೆ ಮುಂದೆ ತಿರುವಿದೆ ಅಂತ ಮೊದಲೇ ಗೊತ್ತಿರೋರು ನಿಧಾನಕ್ಕೆ ಓಡಿಸ್ತಾರೆ, ತಲುಪ್ತಾರೆ. ಪ್ರತಿ ಸ್ಕ್ಯಾನಿಗೂ ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ. ಪಕ್ಕದಲ್ಲಿ ನೀವಿರಬೇಕು ಅಷ್ಟೆ."

"ಬ್ರೇಕ್ ಒತ್ತೋಕಾ?"

"ಜೊತೆಗಿರೋಕೆ."

ಹೊರಗೆ ಆಸ್ಪತ್ರೆಯ ಗಿಡಗಳೆಲ್ಲ ಒಟ್ಟಿಗೇ ಹೂಬಿಟ್ಟವು! ಮೇಲೆ ಪೈಲಟ್ಟುಗಳಿಲ್ಲದ ವಿಮಾನಗಳು ಪುಷ್ಪವೃಷ್ಟಿ...

"ಅತ್ತೇ! ಸಾಕು!"

ಹಿಡಿದುಬಿಟ್ಟರು. ಇವತ್ತು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ಫೋನಿನಲ್ಲಿ ಬರೆಯುತ್ತಿದ್ದರೆ, ಮುಂದಿನ ಸೀಟಿನಿಂದ ಕೈ ಚಾಚಿ ಫೋನ್ ಕಸಿದುಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದಳು ಸೋದರ ಸೊಸೆ. "ಭೂಮಿ ನಿಂತಿತಂತೆ! ಏಳೇಳು ಲೋಕದಲ್ಲೂ ಸಾಟಿಯಿಲ್ಲದವರಂತೆ! ನಿಜ ಬರಿ, ಅತ್ತೆ."

ಸರಿ, ಬರೆಯುತ್ತೇನೆ. ಆ ಅತ್ತೆ ನಾನೇ. ಭೂಮಿ ನಿಲ್ಲಲಿಲ್ಲ, ಕಾರು ಮಾತ್ರ ನಿಂತಿತು. ಪಾರಿವಾಳ ನಾನು ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದೆ. ನನ್ನ ಅಡುಗೆ ಅಷ್ಟಕ್ಕಷ್ಟೆ. ಪೈಲಟ್ ಇಲ್ಲ. ನಾಳೆ ರಿಪೋರ್ಟ್ ಬಂದು, ಯಾರೋ ನನ್ನ ಮಗುವನ್ನು ಕೀಳಾಗಿ ನೋಡಿಬಿಟ್ಟರೆ? ಆ ಭಯಕ್ಕೆ ಮೊದಲೇ ಸುಳ್ಳು ಹೇಳಿ ಅವಳನ್ನು ವಿಮಾನ ಹತ್ತಿಸಿಬಿಟ್ಟೆ. ಅವಳಿಗೆ ವಿಮಾನ ಬೇಕಿರಲಿಲ್ಲ.

ಇನ್ನೊಂದು ಉಳಿದಿದೆ. ಅವತ್ತು ಆ ಕನ್ನಡಿಯನ್ನು ತಿರುಗಿಸಿದ್ದು ಅವನಲ್ಲ, ನಾನು. ಅವನು ಬರುವ ಮೊದಲು ಮುಂದಿನ ಸೀಟಿನಲ್ಲಿ ಕೂತು, ಚಿಕಿತ್ಸೆಯ ನಂತರ ಹೊಸದಾಗಿ ಬಂದ ನನ್ನ ಗುಂಗುರು ಕೂದಲು ನೋಡಿಕೊಂಡು, ಹಾಗೇ ಬಿಟ್ಟು ಹಿಂದೆ ಹೋಗಿ ಕೂತಿದ್ದೆ.

ಇದನ್ನು ಕೇಳಿ ಸೊಸೆ ಸ್ಟಿಯರಿಂಗ್ ಹಿಡಿದವನ ಭುಜಕ್ಕೆ ಗುದ್ದಿದಳು.

"ಹತ್ತಿದ ತಕ್ಷಣ ಕನ್ನಡಿ ಸರಿ ಮಾಡ್ಕೋಬೇಕು ಅಂತ ಹೇಳ್ಕೊಟ್ಟಿದ್ನೋ ಇಲ್ವೋ? ಯಾಕೆ ಮಾಡ್ಕೊಳ್ಳಲಿಲ್ಲ?"

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ.

"ಸರಿಯಾಗೇ ಇತ್ತಲ್ಲ."