ಮಾವನವರ ಮೋಟಾರ್‌ಸೈಕಲ್ಲು ಹೊರಟ ಬೆಳಿಗ್ಗೆ

೧೯೫೬ರ ಒಂದು ಸೋಮವಾರ ಮುಂಬಯಿಯ ಚೆಂಬೂರಿನ ನಮ್ಮ ಚಾಳಿನ ಮುಂದೆ ಕಣ್ಣಾರೆ ಕಂಡದ್ದಿದು. ತೀರಿಕೊಂಡ ಮಾವನವರ ಮೋಟಾರ್‌ಸೈಕಲ್ಲನ್ನು ನಮ್ಮವರು ರಿಪೇರಿ ಮಾಡಿಸಿದ್ದರು. ಕೊನೆಯದಾಗಿ ಒಮ್ಮೆ ನೋಡಿಕೊಡಬೇಕಿದ್ದ ಮೆಕ್ಯಾನಿಕ್ ಶಂಕ್ರೆಪ್ಪ ಇನ್ನೂ ಬಂದಿರಲಿಲ್ಲ.

“ರಾಹುಕಾಲ ಹತ್ತತೈತಿ, ಅವನ ದಾರಿ ಕಾಯಬ್ಯಾಡ, ಹೊರಡಪಾ,” ಎಂದರು ಅತ್ತೆ.

ಚಕ್ರದಡಿ ನಿಂಬೆಹಣ್ಣಿಟ್ಟೆ. ನಮ್ಮವರ ಒಂದೇ ಒದೆತಕ್ಕೆ ಗಾಡಿ ಗುಡುಗಿತು. ಕುಂಕುಮ ಹಚ್ಚಲು ಮುಟ್ಟಿದರೆ ಇಂಜಿನ್ ನೀರಿನ ಕೊಡದಂತೆ ತಣ್ಣಗಿತ್ತು. ಹಿಂದಿನ ಖಾಲಿ ಸೀಟು ಮಾತ್ರ ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

“ಇವತ್ತು ಬ್ಯಾಡ್ರಿ,” ಎಂದೆ.

“ಅಪ್ಪನ ಗಾಡಿಗೂ ಅಂಜತಿಯೇನ, ಹುಚ್ಚಿ!” ಎಂದು ನಗುತ್ತ ವಿಕ್ರೋಳಿಯ ಕಾರ್ಖಾನೆಗೆ ಹೊರಟೇಬಿಟ್ಟರು.

ಅವರು ತಿರುವು ದಾಟುವಷ್ಟರಲ್ಲಿ ಶಂಕ್ರೆಪ್ಪ ಬಂದ.

“ಗಾಡಿ ಯಾರು ಒಯ್ದರ್ರೀ, ಅಕ್ಕಾರ?” ಎನ್ನುತ್ತ ಕಿಸೆಯಿಂದ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ತೆಗೆದು ತೋರಿಸಿದ. “ನಿನ್ನೆ ಸಾಫ್ ಮಾಡಾಕ ಬಿಚ್ಚಿ ಒಯ್ದಿದ್ದೆ. ಇದಿಲ್ದ ಅದು ಚಾಲೂನ ಆಗಂಗಿಲ್ಲ.”

ದೂರದಲ್ಲಿ ಇಂಜಿನ್ ಇನ್ನೂ ಗುಡುಗುತ್ತಲೇ ಇತ್ತು.