ಎಡಕ್ಕೆ ಬಿದ್ದ ಹೂವು

ದೇವರ ಗೂಡಿನಲ್ಲಿ ಏನೋ ಬಿದ್ದ ಸದ್ದಾಯಿತು. ಒದ್ದೆ ಹೂವೊಂದು ನೆಲ ಮುಟ್ಟಿದಷ್ಟೇ ಸಣ್ಣ ಸದ್ದು. ಚಾಮರಾಜಪೇಟೆಯೆಲ್ಲ ಮಲಗಿತ್ತು. ನಿದ್ದೆ ಬಾರದೆ ಹೊರಳುತ್ತಿದ್ದ ವಿಶಾಖಾ ಎದ್ದು ಬಂದಳು. ಗೂಡಿನ ಮುಂದೆ ದೇವಿಯ ಅಪ್ಪಣೆಗೆ ಕಾದು ಕಾದು, ಅತ್ತೆ ಹನುಮಕ್ಕ ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಮಾರಮ್ಮನ ಬಲಭುಜಕ್ಕೆ ಅಂಟಿಸಿದ್ದ ಕಣಗಿಲೆ ಹಾಗೇ ಇತ್ತು... ಬಿದ್ದಿದ್ದು ಎಡಗಡೆಯದು.

ಮಾವ ಶ್ರೀನಿವಾಸಯ್ಯನವರ ಹೃದಯದ ಕವಾಟದಲ್ಲಿ ಕ್ಯಾಲ್ಸಿಯಂ ಕಲ್ಲಿನಂತೆ ಕಟ್ಟಿತ್ತು. ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಬೇಕೆಂದು ಡಾಕ್ಟರು ಹೇಳಿದ್ದರು. ಬಲೂನು ಉಬ್ಬಿಸಿ ಕೂರಿಸುವಂಥದ್ದು ಬಿಗಿಯಾಗಿ ನಿಲ್ಲುತ್ತದೆ, ಸೋರುವುದು ಕಡಿಮೆ. ಆದರೆ ಇಷ್ಟು ಗಡಸಾದ ಜಾಗ ಅಪರೂಪಕ್ಕೆ ಹರಿಯಬಹುದು. ತಾನಾಗಿ ಅರಳುವ ಇನ್ನೊಂದರಲ್ಲಿ ಆ ಭಯ ಕಡಿಮೆ. ಆದರೆ ಅಂಚಿನಲ್ಲಿ ರಕ್ತ ಸೋರಬಹುದು, ಪೇಸ್‌ಮೇಕರ್ ಬೇಕಾಗಬಹುದು. ಎರಡೂ ಸಾಧ್ಯ, ಯೋಚಿಸಿ ಹೇಳಿ ಎಂದಿದ್ದರು.

"ಎದೇಲಿ ಸುಣ್ಣ ಕಟ್ಟಿದೆಯಂತೆ ಕಣಮ್ಮ. ಎಲೆ ಅಡಿಕೆ ಒಂದಿದ್ರೆ ತಾಂಬೂಲನೇ ಆಗೋದು" ಎಂದು ನಕ್ಕಿದ್ದರು ಮಾವ. ಆಮೇಲೆ ಅವಳೊಬ್ಬಳಿಗೇ, "ಪೇಸ್‌ಮೇಕರ್ ಮಾತ್ರ ಬೇಡ ವಿಶಾಖಾ. ಮಿಷನ್ ಇಟ್ಕೊಂಡು ಬದುಕೋಕೆ ನನ್ನಿಂದಾಗಲ್ಲ."

ಗಂಡ ಲಕ್ಷ್ಮೀಶ ತೀರ್ಮಾನವನ್ನು ತಾಯಿಗೆ ಬಿಟ್ಟ. ತಾಯಿ ದೇವಿಗೆ ಬಿಟ್ಟರು. ಬಲಗಡೆ ಹೂ ಬಿದ್ದರೆ ಬಲೂನಿನದು, ಎಡಗಡೆ ಬಿದ್ದರೆ ಅರಳುವಂಥದ್ದು. ಮಾವನ ಮಾತನ್ನು ಹೇಳಲು ಬಾಯಿ ತೆರೆದ ಸೊಸೆಯನ್ನು ಹನುಮಕ್ಕ ಅಲ್ಲಿಗೇ ತಡೆದಿದ್ದರು.

"ಬುದ್ಧನ ಫೋಟೋಗೆ ಕೈಮುಗಿಯೋ ಮನೆಯಿಂದ ಬಂದೋಳು ನೀನು. ನಮ್ಮವ್ವನ ಮಾತು ನಿನಗೇನು ತಿಳಿಯುತ್ತೆ?"

ಈಗ ಆ ಅವ್ವನ ಮುಂದೆ ವಿಶಾಖಾ ಬಗ್ಗಿದಳು. ಒಂದು ಹೂವಿಗೆ ಏನು ಗೊತ್ತು! ಬಿದ್ದದ್ದನ್ನು ನೀರಿಗೆ ಅದ್ದಿ ಮತ್ತೆ ಎಡಭುಜಕ್ಕೆ ಅಂಟಿಸಿದಳು. ಬಲಗಡೆಯದನ್ನು ಬಿಡಿಸಿ ಸದ್ದಾಗದಂತೆ ಕೆಳಗಿಟ್ಟಳು. ಪೇಸ್‌ಮೇಕರ್ ಬೇಡ, ಮಾವ ಕೇಳಿಕೊಂಡಿದ್ದು ಅಷ್ಟೇ ತಾನೆ...

ಬೆಳಿಗ್ಗೆ ಬಲಗಡೆಯ ಹೂ ಕಂಡ ಹನುಮಕ್ಕ ಬಲೂನಿನದನ್ನೇ ಹಾಕಿಸಲು ಹೇಳಿದರು. ಆಪರೇಷನ್ ಟೇಬಲ್ಲಿನ ಮೇಲೆ, ಬಲೂನು ಉಬ್ಬಿದ ಕ್ಷಣದಲ್ಲೇ ಗಟ್ಟಿ ಕ್ಯಾಲ್ಸಿಯಂ ಒತ್ತಿ ಹೃದಯದ ರಕ್ತನಾಳದ ಬುಡ ಹರಿಯಿತು. ಎದೆ ತೆರೆದರೂ ಮಾವ ಉಳಿಯಲಿಲ್ಲ.

ತಿಥಿಯ ಸಂಜೆ, ಬಂದವರೆಲ್ಲ ಹೋದ ಮೇಲೆ, ಇನ್ನೊಂದನ್ನು ಹಾಕಿಸಿದ್ದರೆ ಅಪ್ಪ ಇರುತ್ತಿದ್ದರೇನೋ ಎಂದು ಲಕ್ಷ್ಮೀಶ ಬಿಕ್ಕಿದ.

"ಸುಮ್ನಿರೋ" ಎಂದರು ಹನುಮಕ್ಕ. "ಅವ್ವ ಬಲಗಡೆ ಕೊಟ್ಳು, ಅವಳೇ ಕರ್ಕೊಂಡ್ಳು. ಆ ಒಂದು ಮಾತು ಹಿಡ್ಕೊಂಡೇ ನಾನಿನ್ನೂ ಉಸಿರಾಡ್ತಿದೀನಿ." ಸೆರಗಿನ ಗಂಟು ಬಿಚ್ಚಿ, ಆ ರಾತ್ರಿಯ ಒಣಗಿದ ಕಣಗಿಲೆಯನ್ನು ಸೊಸೆಯ ಅಂಗೈಗಿಟ್ಟರು. "ನಿನ್ನ ಅವತ್ತು ಹಂಗನ್ನಬಾರದಿತ್ತು ತಾಯಿ. ನನ್ನ ಕಾಲ ಆದ್ಮೇಲೆ ಇದನ್ನ ನೀನೇ ಜೋಪಾನ ಮಾಡು."

ಹೂ ಬದಲಿಸಿದ್ದು ತಾನು ಎಂದು ವಿಶಾಖಾ ಹೇಳಲು ಹೊರಟಳು. ಹೇಳಿಬಿಟ್ಟರೆ ತನ್ನ ಎದೆ ಹಗುರಾದೀತು. ಆದರೆ ಅವ್ವ ಎಡಗಡೆಯನ್ನೇ ಕೊಟ್ಟಿದ್ದಳು, ಮಾವನನ್ನು ಉಳಿಸಲೆಂದೇ ಕೊಟ್ಟಿದ್ದಳು ಎಂದು ತಿಳಿದ ಮೇಲೆ ಈ ಹಿರಿಜೀವ ಯಾವ ಮಾತು ಹಿಡಿದು ಉಸಿರಾಡೀತು...

ಅವಳು ಮುಷ್ಟಿ ಮುಚ್ಚಿದಳು. ಹೂವು ಒಳಗೇ ಪುಡಿಯಾಗುತ್ತಿತ್ತು. ಗಂಡನಿಗೂ ಇಲ್ಲ, ತವರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ.

"ಆಯ್ತು ಅತ್ತೆ" ಎಂದಳು.